ಗೊತ್ತಿದ್ದ ಲೆಕ್ಕ

ಗಣಿತ ಓದಲೆಂದು ಒಂದು ಸೆಮಿಸ್ಟರಿನ ಮಟ್ಟಿಗೆ ಬುಡಾಪೆಸ್ಟಿಗೆ ಬರುವ ಅಮೆರಿಕದ ಹುಡುಗ ಹುಡುಗಿಯರಲ್ಲಿ ಎರಡು ಪಂಗಡ. ಚಿಕ್ಕಂದಿನಿಂದ ಬೇಸಿಗೆ ಶಿಬಿರ, ಸ್ಪರ್ಧೆ, ಮನೆಪಾಠ ಎಂದು ಸುತ್ತಿ, ಲೋಕದ ಅರ್ಧ ಲೆಕ್ಕಗಳ ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು ಬರುವವರದು ಒಂದು. ತಮ್ಮೂರಿನ ಸಣ್ಣ ಕಾಲೇಜಿನಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದುಕೊಂಡಿದ್ದು, ಇಲ್ಲಿಗೆ ಬಂದ ಮೊದಲ ವಾರವೇ ಮುಖ ಸಪ್ಪಗೆ ಮಾಡಿಕೊಂಡು ಟ್ರಾಮಿನ ಕಿಟಕಿಗೆ ಹಣೆ ಆನಿಸಿ ಕೂರುವವರದು ಇನ್ನೊಂದು. ನಾನು ಇವರೆಲ್ಲರ ಹೋಮ್‌ವರ್ಕ್ ತಿದ್ದುವವನು. ತರಗತಿಯೊಳಗೆ ಕಾಲಿಡುವುದಿಲ್ಲ, ನನಗೆ ಸಿಗುವುದು ಅವರ ಕಾಗದಗಳು, ಮತ್ತು ಕಾಗದ ಹಿಂತಿರುಗಿ ಒಯ್ಯಲು ಬಂದಾಗ ಅವರು ಕೂತು ಹೇಳಿಕೊಳ್ಳುವ ಗೋಳು. ಲಿಯೋನಾ ಟ್ರಾಸ್ಕ್ ಮೊದಲ ಪಂಗಡದವಳು. ವೆಂಡೆಲ್ ಪ್ರೂಯಿಟ್ ಎರಡನೆಯ ಪಂಗಡದವನು. ಈ ಕಥೆಯನ್ನು ಲಿಯೋನಾ ನನ್ನ ಮೇಜಿನ ಎದುರಿಗೆ ಕೂತು ಹೇಳಿದ್ದು, ಮಿಕ್ಕದ್ದನ್ನು ಪಿರೋಷ್ಕಾ ನೇನಿ.

ಪಿರೋಷ್ಕಾ ನೇನಿ ಅವರ ಮೇಡಂ. ಪ್ರೊಫೆಸರ್ ಎಂದು ಕರೆದರೆ ಆಕೆ ತಿರುಗಿಯೂ ನೋಡುವುದಿಲ್ಲ. ವಯಸ್ಸಾದ ಹೆಂಗಸರನ್ನು ನಮ್ಮಲ್ಲಿ ಎಲ್ಲರೂ ಕರೆಯುವಂತೆ ‘ನೇನಿ’ ಎಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಆಕೆಯ ತರಗತಿಗೆ ಒಂದು ಪದ್ಧತಿ ಉಂಟು. ಸೆಪ್ಟೆಂಬರಿನಲ್ಲಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕಿವಿಯಲ್ಲಿ ಒಂದು ಲೆಕ್ಕ ಹೇಳುತ್ತಾರೆ. ಅದು ಅವರ ಸ್ವಂತದ ಲೆಕ್ಕ, ಸೆಮಿಸ್ಟರ್ ಮುಗಿಯುವವರೆಗೆ ಅದರ ಜೊತೆ ಒಬ್ಬರೇ ಬಾಳಬೇಕು. ಬಿಡಿಸಿದ ದಿನ ನೇನಿ ಸೀಮೆಸುಣ್ಣ ಕೈಗೆ ಕೊಟ್ಟು, ತಾವು ಹೋಗಿ ಆ ವಿದ್ಯಾರ್ಥಿಯ ಬೆಂಚಿನಲ್ಲಿ ಕೂರುತ್ತಾರೆ. ಅಷ್ಟೇ ಬಹುಮಾನ. ಆದರೆ ಅದಕ್ಕಾಗಿ ಹುಡುಗರು ಊಟ ನಿದ್ದೆ ಬಿಟ್ಟಿದ್ದನ್ನು ನಾನು ಕಂಡಿದ್ದೇನೆ.

ಇನ್ನೊಂದು ಪದ್ಧತಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವಂಥದ್ದು. ಪಕ್ಕದವನು ತಲೆ ಕೆರೆದುಕೊಳ್ಳುತ್ತಿರುವ ಲೆಕ್ಕ ನಿಮಗೆ ಮೊದಲೇ ಗೊತ್ತಿದ್ದರೆ, “ಗೊತ್ತು” ಎಂದು ಒಂದೇ ಮಾತು ಹೇಳಿ ಆ ಮೇಜಿನಿಂದ ಎದ್ದು ಹೋಗಬೇಕು. ಮುಖದಲ್ಲೂ ತೋರಿಸಿಕೊಳ್ಳಬಾರದು. ಯಾಕೆಂದರೆ ಲೆಕ್ಕವನ್ನು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು, ಮರೆತುಬಿಡು ಎಂದರೆ ಮರೆಯಲು ಬರುವುದಿಲ್ಲ. ಪರ್ಸು ಕದ್ದವನನ್ನು ಕ್ಷಮಿಸುವ ಈ ಮಂದಿ ಲೆಕ್ಕದ ಉತ್ತರ ಉಸುರಿದವನನ್ನು ಕ್ಷಮಿಸುವುದಿಲ್ಲ.

ವೆಂಡೆಲ್‌ಗೆ ಬಂದ ಲೆಕ್ಕ ಹೀಗಿತ್ತು. ಒಂದು ಊರು, ನೂರು ಜನ, ಎಲ್ಲರಿಗೂ ಹಾಡುವ ಹುಚ್ಚು. ಹಾಡುವ ತಂಡಗಳನ್ನು ಕಟ್ಟುತ್ತಲೇ ಇರುತ್ತಾರೆ; ಒಬ್ಬನೇ ಎಷ್ಟು ತಂಡದಲ್ಲಿ ಬೇಕಾದರೂ ಇರಬಹುದು. ಕಟ್ಟಳೆ ಎರಡೇ. ಪ್ರತಿ ತಂಡದಲ್ಲೂ ಬೆಸ ಸಂಖ್ಯೆಯ ಜನ ಇರಬೇಕು. ಯಾವ ಎರಡು ತಂಡ ತೆಗೆದುಕೊಂಡರೂ ಎರಡರಲ್ಲೂ ಇರುವವರ ಸಂಖ್ಯೆ ಸಮ ಆಗಿರಬೇಕು. ಹಾಗಿದ್ದರೆ ಎಷ್ಟೇ ತಿಣುಕಿದರೂ ತಂಡಗಳು ನೂರನ್ನು ದಾಟುವುದಿಲ್ಲ. ಯಾಕೆ?

ಓದುವ ಕೋಣೆಯ ಮೇಜಿನ ಮೇಲೆ ವೆಂಡೆಲ್ ಬಿಳಿ ಬೀನ್ಸ್ ಕಾಳು ಹರಡಿಕೊಂಡು, ನೂಲಿನಿಂದ ಸುತ್ತು ಹಾಕಿ ತಂಡ ಕಟ್ಟುತ್ತಿದ್ದ. ಎದುರಿಗೆ ಕೂತು ಪೊಗಾಚಾ ಬನ್ನು ತಿನ್ನುತ್ತಿದ್ದ ಲಿಯೋನಾಗೆ ಒಂದು ನಿಮಿಷದಲ್ಲಿ ಲೆಕ್ಕದ ಗುರುತು ಸಿಕ್ಕಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಶಿಬಿರದಲ್ಲಿ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು. ಆಗಲೇ “ಗೊತ್ತು” ಎಂದು ಏಳಬೇಕಿತ್ತು. ಬನ್ನು ಇನ್ನೂ ಬಿಸಿಯಿತ್ತು, ಹೊರಗೆ ಚಳಿಯಿತ್ತು, ಮತ್ತು ಇಡೀ ತರಗತಿಯಲ್ಲಿ ಅವಳ ಜೊತೆ ನಗುತ್ತಾ ಮಾತಾಡುತ್ತಿದ್ದವನು ಅವನೊಬ್ಬನೇ. ಅವಳು ಕೂತೇ ಇದ್ದಳು. ಮರುದಿನವೂ ಕೂತಳು. ಅಕ್ಟೋಬರ್ ಪೂರ್ತಿ ಅದೇ ಮೇಜು.

ತರಗತಿಯ ಥ್ಯಾಡ್ ಎಂಬ ಎತ್ತರದ ಹುಡುಗ ಹಾದುಹೋಗುವಾಗಲೆಲ್ಲ ಚುಚ್ಚುತ್ತಿದ್ದ. “ಏನಪ್ಪಾ, ಸಾರಿಗೆ ಕಾಳು ಆರಿಸ್ತಿದೀಯೋ, ಲೆಕ್ಕ ಮಾಡ್ತಿದೀಯೋ?”

“ಎರಡೂ. ಲೆಕ್ಕ ಬರ್ಲಿಲ್ಲ ಅಂದ್ರೆ ಸಾರಾದ್ರೂ ಆಗುತ್ತಲ್ಲ” ಎಂದು ವೆಂಡೆಲ್ ನಗುತ್ತಿದ್ದ. ನಗು ವಾರದಿಂದ ವಾರಕ್ಕೆ ಸೊರಗಿತು.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಲಿಯೋನಾ ಮತ್ತು ವೆಂಡೆಲ್ ಆರನೇ ನಂಬರಿನ ಟ್ರಾಮಿನಲ್ಲಿ ನಿಂತಿದ್ದರು. ಹೊರಗೆ ಮಂಜು. ಕಂಬಿ ಹಿಡಿದುಕೊಂಡೇ ವೆಂಡೆಲ್ ಹೇಳಿದ, “ಸೋಮವಾರ ಫಾರ್ಮಸಿ ಕಾಲೇಜಿಗೆ ಹೂಂ ಅಂತ ಬರೆದುಬಿಡ್ತೀನಿ ಕಣೇ.”

ನೆಬ್ರಾಸ್ಕಾದ ಅವನ ಊರಿನಲ್ಲಿ ಅವನ ಸೋದರತ್ತೆಯ ಔಷಧಿ ಅಂಗಡಿ ಇತ್ತು. ಔಷಧಶಾಸ್ತ್ರ ಓದಲು ಅವನಿಗೆ ಸೀಟು ಸಿಕ್ಕಿತ್ತು. ಬರುತ್ತೇನೆ ಅಥವಾ ಬರುವುದಿಲ್ಲ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕಿತ್ತು. ಬರುವುದಿಲ್ಲ ಎಂದರೆ ಗಣಿತದ ಮೇಲ್ಪದವಿಗೆ ಅರ್ಜಿ ಹಾಕಬೇಕು, ಅದಕ್ಕೆ ಪಿರೋಷ್ಕಾ ನೇನಿಯ ಶಿಫಾರಸು ಬೇಕು.

“ತಿಂಗಳ ಕೊನೇವರೆಗೂ ಟೈಮಿದೆಯಲ್ಲೋ” ಎಂದಳು ಲಿಯೋನಾ.

“ಇದ್ದು ಏನ್ಮಾಡ್ಲಿ? ನಂಗೆ ನಾನೇ ಮಾತು ಕೊಟ್ಕೊಂಡಿದ್ದೆ. ಈ ಒಂದು ಲೆಕ್ಕ ನಾನೇ ಬಿಡಿಸಿದ್ರೆ ಗಣಿತ. ಇಲ್ಲಾಂದ್ರೆ ಅತ್ತೆ ಅಂಗಡೀಲಿ ಬಿಳೀ ಕೋಟು ಹಾಕ್ಕೊಂಡು, ಊಟ ಆದ್ಮೇಲೆ ಎರಡು ನುಂಗಿ ಅಂತ ಹೇಳ್ಕೊಂಡು ಇರೋದು. ಕೆಟ್ಟ ಬದುಕೇನಲ್ಲ ಬಿಡು.”

“ಒಂದು ಲೆಕ್ಕದ ಮೇಲೆ ಬದುಕು ಪಣಕ್ಕಿಡ್ತಾರೇನೋ, ಹುಚ್ಚಪ್ಪ?”

“ನಿಂಗೇನಮ್ಮ, ನಿಂಗೆಲ್ಲಾ ಬರುತ್ತೆ. ನಂಗೆ ಬರುತ್ತೋ ಇಲ್ವೋ ಅಂತ ಒಂದ್ಸಲಾನಾದ್ರೂ ಗೊತ್ತಾಗ್ಬೇಡ್ವಾ?”

ಲಿಯೋನಾಗೆ ಅವನನ್ನು ಹಾಗೇ ಇಳಿದು ಹೋಗಲು ಬಿಡಲು ಮನಸ್ಸಾಗಲಿಲ್ಲ. ಕರುಣೆ ಎಂದು ಅವಳು ಆಗ ಅಂದುಕೊಂಡಳು. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧ ಕರುಣೆ, ಕಾಲು ಭಾಗ ಅವನು ಹೋಗಿಬಿಡುತ್ತಾನಲ್ಲ ಎಂಬ ಸಂಕಟ, ಮಿಕ್ಕ ಕಾಲು ಕೊಡುವ ಕೈಯ ಜಂಬ. ಅಂತೂ ಅವಳು ಕಿಟಕಿಯ ಕಡೆ ನೋಡುತ್ತಾ, ಏನೂ ಅಲ್ಲವೆಂಬಂತೆ ಶುರುಮಾಡಿದಳು.

“ನಮ್ಮನೆ ಓನರಮ್ಮ ದೀಪದ ವಿಷಯಕ್ಕೆ ಪ್ರಾಣ ತಿಂತಾಳೆ ಕಣೋ. ಕಾರಿಡಾರ್ ದೀಪಕ್ಕೆ ಎರಡು ಕಡೆ ಗುಂಡಿ. ನಾನು ಈ ಕಡೆ ಒತ್ತಿದ್ರೆ ಹತ್ತುತ್ತೆ, ಅವಳು ಆ ಕಡೆ ಒತ್ತಿದ್ರೆ ಆರುತ್ತೆ. ದಿನಾ ನೂರು ಸಲ ಒತ್ತುತ್ತೀಯ ಅಂತ ಬಯ್ತಾಳೆ. ನಾನಂದೆ, ನೂರು ಸಲ ಒತ್ತಿದ್ರೂ ಒಂದೇ, ಒತ್ತದೇ ಇದ್ರೂ ಒಂದೇ ಅಮ್ಮಾ. ಎಷ್ಟು ಸಲ ಅನ್ನೋದು ದೀಪಕ್ಕೆ ಗೊತ್ತಾಗಲ್ಲ, ಬೆಸವೋ ಸಮವೋ ಅನ್ನೋದು ಮಾತ್ರ ಗೊತ್ತಾಗೋದು.”

ವೆಂಡೆಲ್ ಸುಮ್ಮನೆ ನಕ್ಕ. ಆಮೇಲೆ ನಗು ನಿಂತಿತು. ಅವನು ಇಳಿಯಬೇಕಾದ ನಿಲ್ದಾಣ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಅವನು ಇಳಿಯಲಿಲ್ಲ. ಟ್ರಾಮು ಸೇತುವೆ ದಾಟಿ ನದಿಯಾಚೆಯ ಬುಡಾದಲ್ಲಿ ಕೊನೆಯ ನಿಲ್ದಾಣ ಮುಟ್ಟುವವರೆಗೂ ಅವನ ತುಟಿ ಅಲುಗುತ್ತಿತ್ತು. ಇಳಿದವನೇ ಅವಳಿಗೆ ಹೋಗಿ ಬರುತ್ತೇನೆ ಎನ್ನುವುದನ್ನೂ ಮರೆತು ಮಂಜಿನೊಳಗೆ ನಡೆದ. ಮೇಜಿನಿಂದ ಏಳದವಳು ಈಗ ಕದ್ದು ಉಸುರಿಯೂ ಬಿಟ್ಟಿದ್ದಳು.

ಸೋಮವಾರ ತರಗತಿಗೆ ಬಂದ ವೆಂಡೆಲ್‌ನ ಕಣ್ಣು ಕೆಂಪಗಿತ್ತು, ಮುಖ ಬೆಳ್ಳಗಿತ್ತು. “ಪಿರೋಷ್ಕಾ ನೇನಿ, ಆಯ್ತು” ಎಂದ. ನೇನಿ ಸೀಮೆಸುಣ್ಣ ಕೊಟ್ಟು, ಮಂಡಿ ಹಿಡಿದುಕೊಂಡು ನಡೆದು ಅವನ ಬೆಂಚಿನಲ್ಲಿ ಕೂತರು.

ಅವನು ಮೊದಲಿಗೆ ಬೋರ್ಡಿನ ಕಡೆ ಹೋಗಲೇ ಇಲ್ಲ. “ನೀವೇ ಊರಿನೋರು” ಎಂದು ತರಗತಿಯನ್ನೇ ಊರು ಮಾಡಿದ. ಹೆಸರು ಹಿಡಿದು ತಂಡ ಕಟ್ಟಿದ. ಮೂರು ಮೂರು ಜನರ ತಂಡ, ಲಿಯೋನಾ ಮತ್ತು ಥ್ಯಾಡ್ ಪ್ರತಿಯೊಂದರಲ್ಲೂ ಇರುವ ಹಾಗೆ, ಮೂರನೆಯವನು ಮಾತ್ರ ಬೇರೆ ಬೇರೆ. “ನಾನು ಒಂದೊಂದೇ ತಂಡ ಕರೀತೀನಿ. ನಿಮ್ಮ ತಂಡ ಕರೆದಾಗ, ಕೂತಿದ್ರೆ ಏಳಿ, ನಿಂತಿದ್ರೆ ಕೂತ್ಕೊಳ್ಳಿ. ಅಷ್ಟೇ.”

“ಇದೇನು ಡ್ರಿಲ್ ಮೇಷ್ಟ್ರ ಕ್ಲಾಸಾ?” ಎಂದ ಥ್ಯಾಡ್.

“ಲೇ, ಬಾಯ್ಮುಚ್ಕೊಂಡು ಏಳೋ. ನೀನು ಎಲ್ಲಾ ತಂಡದಲ್ಲೂ ಇದೀಯ, ನಿಂಗೇ ಜಾಸ್ತಿ ಬಸ್ಕಿ.”

ನಗು ಎದ್ದಿತು. ಲಿಯೋನಾ ಎದ್ದಳು, ಕೂತಳು, ಮತ್ತೆ ಎದ್ದಳು. ಮೊದಲ ಸಲ ಎದ್ದಾಗಲೇ ಅವಳ ಕಿವಿ ಬಿಸಿಯಾಗಿತ್ತು. ಎರಡು ಸಲ ಕರೆದರೆ ಕರೆಯದೇ ಇದ್ದಂತೆ. ಇದು ನನ್ನ ಗುಂಡಿ, ನನ್ನ ದೀಪ, ಟ್ರಾಮಿನಲ್ಲಿ ನಾನೇ ಇವನ ಜೇಬಿಗೆ ಹಾಕಿದ್ದು. ಮುಂದಿನದು ಏನೆಂದು ಅವಳಿಗೆ ಗೊತ್ತೇ ಇತ್ತು. ಶಿಬಿರದ ಮೇಷ್ಟ್ರ ಬೋರ್ಡು ಕಣ್ಣೆದುರಿಗೇ ಇತ್ತು. ಗೊತ್ತಿದ್ದುದನ್ನು ಯಾರು ಕೇಳುತ್ತಾರೆ? ಅವಳು ತಲೆ ತಗ್ಗಿಸಿ ಬೂಟಿನ ದಾರ ನೋಡುತ್ತಾ ಹೇಳಿದಾಗ ಎದ್ದು, ಹೇಳಿದಾಗ ಕೂತಳು.

ವೆಂಡೆಲ್ ಆಮೇಲೆ ನೇನಿಯನ್ನು ತರಗತಿಯ ಹೊರಗೆ ಕಳಿಸಿ ಬಾಗಿಲು ಹಾಕಿದ. ಒಳಗೆ ಪಿಸುದನಿಯಲ್ಲಿ ಕೆಲವು ತಂಡಗಳನ್ನು ಕರೆದ. ನೇನಿಯನ್ನು ಒಳಗೆ ಕರೆದು, ಯಾರು ನಿಂತಿದ್ದಾರೆ ನೋಡಿ ಯಾವ ಯಾವ ತಂಡ ಕರೆದೆ ಹೇಳಿ ಎಂದ. ಮುದುಕಿ ಕನ್ನಡಕ ಏರಿಸಿ, ಬೆರಳು ಮಡಿಸುತ್ತಾ, ಒಂದೂ ತಪ್ಪದೆ ಹೇಳಿದರು. ಹುಡುಗರು ಜಾದೂ ಕಂಡವರಂತೆ ಕೂಗಿದರು. ಅವನು ಬೋರ್ಡಿನ ಮೇಲೆ ಎರಡು ಸಾಲು ಬರೆದು ಸುಣ್ಣ ಕೆಳಗಿಟ್ಟ. ಹುಡುಗರು ಬೆಂಚು ಬಡಿದರು. ತರಗತಿ ಮುಗಿಯುವವರೆಗೂ ನೇನಿ ಅವನ ಬೆಂಚು ಬಿಟ್ಟು ಏಳಲಿಲ್ಲ.

ಅವತ್ತಿನಿಂದ ಲಿಯೋನಾಗೆ ಅನ್ನ ಸೇರಲಿಲ್ಲ ಎಂದರೆ ಸುಳ್ಳು. ಅನ್ನ ಎಲ್ಲಿ ಸಿಗಬೇಕು ಇಲ್ಲಿ. ಆದರೆ ಕೊಂಡ ಬನ್ನನ್ನು ಅರ್ಧ ತಿಂದು ಪಾರಿವಾಳಗಳಿಗೆ ಹಾಕುತ್ತಿದ್ದಳು. ವೆಂಡೆಲ್ ಬೀದಿಯಲ್ಲಿ ಶಿಳ್ಳೆ ಹಾಕುತ್ತಾ ನಡೆಯುತ್ತಿದ್ದ. ಗೊತ್ತಿಲ್ಲದ ಅಜ್ಜಿಯರಿಗೆ ಅರ್ಧಂಬರ್ಧ ಹಂಗೇರಿಯನ್ನಿನಲ್ಲಿ ನಮಸ್ಕಾರ ಹೇಳುತ್ತಿದ್ದ. ಅವನ ಸಂತೋಷ ಕಂಡಷ್ಟೂ ಅವಳಿಗೆ ತಾನು ಖೋಟಾ ನೋಟು ಕೊಟ್ಟು ಅವನನ್ನು ಸಂತೆಗೆ ಕಳಿಸಿದ್ದೇನೆ ಎನ್ನಿಸುತ್ತಿತ್ತು. ಇವನು ಈ ಒಂದು ಲೆಕ್ಕ ನಂಬಿಕೊಂಡು ಸೀಟು ಬಿಡುತ್ತಾನೆ. ಮುಂದೆ ಎಲ್ಲೋ ಒಂದು ಊರಿನಲ್ಲಿ, ತನಗಿಂತ ಚುರುಕಾದವರ ನಡುವೆ, ಒಂದಾದ ಮೇಲೊಂದು ಲೆಕ್ಕ ಕೈಕೊಡುತ್ತದೆ. ಆಗ ಅವನು ನೆನೆಸಿಕೊಂಡು ಧೈರ್ಯ ತಂದುಕೊಳ್ಳುವುದು ಈ ಸೋಮವಾರವನ್ನೇ, ಆ ಸೋಮವಾರವೋ ಅವಳದು. ಈಗ ಹೇಳಿದರೆ ಅವನ ಎದೆ ಒಡೆಯುತ್ತದೆ. ಹೇಳದಿದ್ದರೆ ಅವನ ಬದುಕನ್ನೇ ಅವಳ ಸುಳ್ಳಿನ ಮೇಲೆ ಕಟ್ಟಿದಂತಾಗುತ್ತದೆ. ಇದನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಅವಳು ತನ್ನ ಸ್ವಂತದ ಲೆಕ್ಕವನ್ನು ಮುಟ್ಟಲೂ ಇಲ್ಲ.

ಶನಿವಾರ ಬೆಳಿಗ್ಗೆ ಅವನೇ ಅವಳನ್ನು ಡ್ಯಾನ್ಯೂಬ್ ದಂಡೆಗೆ ಕರೆದ. ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಸುಟ್ಟ ಚೆಸ್ಟ್‌ನಟ್ಟಿನ ಪೊಟ್ಟಣ, ಕೈಯಲ್ಲಿ ಫೋನು.

“ನೋಡು, ಫಾರ್ಮಸಿಗೆ ಬರಲ್ಲ ಅಂತ ಬರೆದಿಟ್ಟಿದೀನಿ, ನಿನ್ನ ಎದುರಿಗೇ ಕಳಿಸ್ಬೇಕು ಅಂತ ಕಾಯ್ತಿದೀನಿ” ಎಂದ. “ಅಮ್ಮಂಗೆ ಹೇಳ್ದೆ. ಮೊದ್ಲು ಅತ್ಲು. ಆಮೇಲೆ, ನಿಂಗೆ ಬರುತ್ತೆ ಅಂತ ನಿಂಗೆ ಗೊತ್ತಾದ್ಮೇಲೆ ನಂದೇನಿದೆ ಅಂದ್ಲು. ಅತ್ತೆ ಫೋನೇ ಎತ್ತಲಿಲ್ಲ. ಎತ್ತಲಿ ಬಿಡು ಯಾವಾಗಾದ್ರೂ. ಒತ್ತಲಾ?”

“ಒತ್ಬೇಡ” ಎಂದಳು ಲಿಯೋನಾ.

“ಯಾಕೆ? ಶಾಸ್ತ್ರಕ್ಕೆ ಏನಾದ್ರೂ ತಿನ್ನಬೇಕಾ ಮೊದ್ಲು?”

“ವೆಂಡೆಲ್, ಆ ಲೆಕ್ಕ ನಂಗೆ ಗೊತ್ತಿತ್ತು.”

ಅವನು ಇನ್ನೂ ನಗುತ್ತಲೇ ಇದ್ದ. “ಯಾವಾಗಿಂದ?”

“ನೀನು ಕಾಳು ಹರಡಿದ ಮೊದಲ್ನೇ ದಿನದಿಂದ.”

“ಹಾಗಾದ್ರೆ ಗೊತ್ತು ಅಂತ ಹೇಳಿ ಎದ್ದು ಹೋಗ್ಬೇಕಿತ್ತು.”

“ಹೂಂ.”

ಅವನು ನೀರಿನ ಕಡೆ ನೋಡಿದ. ಏನೋ ಹೊಳೆದು ಮುಖ ಮೆಲ್ಲಗೆ ಅವಳ ಕಡೆ ತಿರುಗಿತು. “ಓನರಮ್ಮನ ದೀಪ?”

“ನಮ್ಮ ಕಾರಿಡಾರ್ ದೀಪಕ್ಕೆ ಒಂದೇ ಗುಂಡಿ ಇರೋದು.” ಅವಳಿಗೆ ಅಳು ಬಂತು. ಇಷ್ಟು ದಿನ ಕಟ್ಟಿಕೊಂಡಿದ್ದು ಒಡೆದು ಹರಿಯಿತು, ಹರಿಯುವಾಗ ಯಾವುದಕ್ಕೂ ಅಳತೆ ಉಳಿಯಲಿಲ್ಲ. “ಬೇಕಂತಲೇ ಹೇಳ್ದೆ ಕಣೋ. ನಿಂಗೇ ಹೊಳೀತು ಅನ್ನಿಸ್ಲಿ ಅಂತ ಹಾಗೆ ಸುತ್ತಿ ಹೇಳ್ದೆ. ಬೋರ್ಡ್ ಮುಂದೆ ನೀನು ಮಾಡಿದ್ದೆಲ್ಲಾ ಅದೇ. ಏಳೋದು, ಕೂರೋದು, ಎಲ್ಲಾ ಆ ಗುಂಡೀನೇ. ಪೂರ್ತಿ ನಾನು ಕೊಟ್ಟಿದ್ದು. ಇದನ್ನ ನಂಬ್ಕೊಂಡು ಸೀಟು ಬಿಡ್ಬೇಡ, ನಿನ್ ದಮ್ಮಯ್ಯ.”

“ಪೂರ್ತಿ?”

“ಪೂರ್ತಿ.”

ವೆಂಡೆಲ್ ಫೋನನ್ನು ಮಂಡಿಯ ಮೇಲೆ ಬೋರಲು ಹಾಕಿದ. ದೋಣಿಯೊಂದು ಹೋಯಿತು, ಅಲೆ ಬಂದು ಕೆಳಗಿನ ಮೆಟ್ಟಿಲು ತೋಯಿಸಿತು. “ಪಿರೋಷ್ಕಾ ನೇನೀನ ನನ್ ಬೆಂಚಲ್ಲಿ ಕೂರಿಸಿದ್ನಲ್ಲೇ” ಎಂದ ಕೊನೆಗೆ. “ಆ ವಯಸ್ಸಿನೋರನ್ನ ಬಾಗ್ಲಾಚೆ ಬೇರೆ ನಿಲ್ಲಿಸ್ದೆ.” ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಸಮಾಧಾನವಿತ್ತು. ಬರೆದಿಟ್ಟ ಸಂದೇಶ ಅಳಿಸಿ, ಬೇರೆ ಒಂದು ಬರೆದು, ಅವಳಿಗೆ ತೋರಿಸದೆ ಕಳಿಸಿದ. ಬರುತ್ತೇನೆ ಎಂದು ಬರೆದಿದ್ದ. ಚೆಸ್ಟ್‌ನಟ್ಟಿನ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಚಳಿಯಾಗ್ತಿದೆ ಎಂದು ಹೇಳಿ ಮೆಟ್ಟಿಲು ಹತ್ತಿ ಹೋದ.

ಲಿಯೋನಾಗೆ ಅವತ್ತು ಮಧ್ಯಾಹ್ನ ಹಸಿವಾಯಿತು. ಒಂದು ಇಡೀ ಲಾಂಗೋಶ್ ರೊಟ್ಟಿ, ಮೇಲೆ ಚೀಸು ಹಾಕಿಸಿಕೊಂಡು ತಿಂದಳು. ಒಳ್ಳೆಯದು ಮಾಡಿದೆ, ಕಷ್ಟವಾದರೂ ಸರಿಯಾದ್ದನ್ನು ಮಾಡಿದೆ ಎಂದುಕೊಂಡಳು. ಎದೆ ಹಗುರಾಗಿತ್ತು. ಆ ಹಗುರಕ್ಕೆ ತನಗೇ ನಾಚಿಕೆಯಾಯಿತು ಎಂದು ನನಗೆ ಹೇಳುವಾಗ ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಸೋಮವಾರ ವೆಂಡೆಲ್ ತರಗತಿಗೆ ಬರಲಿಲ್ಲ. ಪಾಠ ಮುಗಿದ ಮೇಲೆ ಪಿರೋಷ್ಕಾ ನೇನಿ ಲಿಯೋನಾಳನ್ನು ತಮ್ಮ ಕೋಣೆಗೆ ಕರೆದರು.

“ಎಲ್ಲೇ ನಿನ್ನ ಗೆಳೆಯ? ಶಿಫಾರಸು ಬರೆಯೋಕೆ ಕೂತ್ರೆ ಅವನೇ ಪತ್ತೆ ಇಲ್ಲ.”

“ಅವನಿಗೆ ಶಿಫಾರಸು ಬೇಡ, ನೇನಿ. ಫಾರ್ಮಸಿಗೆ ಹೋಗ್ತಾನೆ.” ಅವಳು ಎಲ್ಲವನ್ನೂ ಹೇಳಿದಳು. ಮೇಜು, ಟ್ರಾಮು, ದೀಪ, ದಂಡೆಯ ಮೆಟ್ಟಿಲು. ಹೇಳಿ ಮುಗಿಸಿ, ಬಯ್ಗುಳಕ್ಕೆ ತಲೆ ತಗ್ಗಿಸಿ ನಿಂತಳು. ಬಯ್ಗುಳ ಬರುವುದು ಅವಳಿಗೆ ಬೇಕಿತ್ತು.

ನೇನಿ ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿದರು. “ಯಾರೋ ಉಸುರಿದಾರೆ ಅಂತ ಅವತ್ತೇ ಅನ್ಕೊಂಡೆ. ಪ್ರತಿ ವರ್ಷ ಯಾರಾದ್ರೂ ಯಾರಿಗಾದ್ರೂ ಉಸುರ್ತಾರೆ. ನಾನೇನು ನಿನ್ನೆ ಹುಟ್ಟಿದೋಳಾ? ಎರಡು ಸಲ ಕರೆದ್ರೆ ಕರೀದೇ ಇದ್ದ ಹಾಗೆ. ಅಷ್ಟು ನೀನು ಕೊಟ್ಟೆ. ಒಪ್ಕೊಂಡೆ. ನೀನು ತಪ್ಪು ಮಾಡ್ದೆ. ಆಮೇಲೆ?”

“ಆಮೇಲೆ ಏನು? ಅಷ್ಟೇ ಅಲ್ವಾ ಲೆಕ್ಕ?”

“ನಿಂಗೆ ಶಿಬಿರದಲ್ಲಿ ಹೇಗೆ ಹೇಳ್ಕೊಟ್ರು? ಹೇಳು ನೋಡೋಣ.”

ಲಿಯೋನಾ ಗಿಳಿಯಂತೆ ಒಪ್ಪಿಸಿದಳು. ತಂಡಗಳು ನೂರಕ್ಕಿಂತ ಹೆಚ್ಚಿವೆ ಎಂದಿಟ್ಟುಕೊಳ್ಳುವುದು; ಹಾಗಿದ್ದರೆ ಕೆಲವು ತಂಡಗಳನ್ನು ಕರೆದಾಗ ಊರೆಲ್ಲ ಕೂತೇ ಇರಬೇಕಾಗುತ್ತದೆ ಎಂದು ದೊಡ್ಡ ಪಾಠದ ಒಂದು ನಿಯಮ ತಂದು ಹೇಳುವುದು; ಅದು ಆಗದ ಮಾತು ಎಂದು ತೋರಿಸುವುದು.

“ಹೂಂ. ನಾನೂ ಮೂವತ್ತು ವರ್ಷದಿಂದ ಹಾಗೇ ಹೇಳ್ಕೊಂಡು ಬಂದಿದೀನಿ. ಆಗಲ್ಲ ಅಂತ ತೋರ್ಸೋದು. ಯಾಕೆ ಆಗಲ್ಲ ಅಂತ ಕಣ್ಣಿಗೆ ಕಾಣ್ಸಲ್ಲ ಅದು. ಇವನು ನನ್ನನ್ನ ಯಾಕೆ ಆಚೆ ಕಳಿಸ್ದ?”

“ಅದು… ಆಟಕ್ಕೆ.”

“ಆಟಕ್ಕೆ!” ಮುದುಕಿ ಮೇಜು ಗುದ್ದಿದರು. “ಅದೇ ಕಣೇ ಸಾಧನೆ! ಯಾವ ತಂಡ ಕರೆದ ಅಂತ ಗೊತ್ತಿಲ್ದೋಳು ಆಚೆಯಿಂದ ಬರ್ತಾಳೆ. ಒಂದೊಂದು ತಂಡದಲ್ಲೂ ಎಷ್ಟು ಜನ ನಿಂತಿದಾರೆ ಅಂತ ಎಣಿಸ್ತಾಳೆ. ಬೆಸ ಇದ್ರೆ ಆ ತಂಡಾನ ಕರೆದಿದಾನೆ. ಸಮ ಇದ್ರೆ ಕರೆದಿಲ್ಲ. ಆ ತಂಡಾನೇ ಕರೆದ್ರೆ ಅದರಲ್ಲಿ ಬೆಸ ಜನ ಅದಲುಬದಲಾಗ್ತಾರೆ, ಬೇರೆ ಯಾವ್ದನ್ನ ಕರೆದ್ರೂ ಸಮ ಜನಾನೇ, ತಪ್ಪೋಕೆ ಸಾಧ್ಯಾನೇ ಇಲ್ಲ. ಅಂದ್ಮೇಲೆ ಯಾವ ಎರಡು ಥರ ಕರೆದ್ರೂ ಊರು ಒಂದೇ ಥರ ನಿಲ್ಲೋಕಾಗಲ್ಲ. ನೂರು ಜನ ಎದ್ದು ಕೂರೋ ರೀತಿಗಳು ಎಷ್ಟೋ, ಕರೆಯೋ ರೀತಿಗಳೂ ಅಷ್ಟರೊಳಗೇ ಇರ್ಬೇಕು. ಒಬ್ಬೊಬ್ಬರಿಗೂ ಎರಡೇ ದಾರಿ, ನಿಲ್ಲೋದು ಇಲ್ಲ ಕೂರೋದು; ಒಂದೊಂದು ತಂಡಕ್ಕೂ ಎರಡೇ, ಕರೆಯೋದು ಇಲ್ಲ ಬಿಡೋದು. ಮುಗೀತು, ತಂಡ ನೂರನ್ನ ದಾಟಲ್ಲ. ದೊಡ್ಡ ಪಾಠದ ನಿಯಮ ಒಂದೂ ಬೇಡ. ನನ್ನ ಮೊಮ್ಮಗಳಿಗೆ ನಿನ್ನೆ ಹೇಳ್ಕೊಟ್ಟೆ, ಬೊಂಬೆಗಳನ್ನ ಸಾಲಾಗಿ ಕೂರಿಸ್ಕೊಂಡು ಆಡ್ತಿದಾಳೆ. ಇದನ್ನ ನೀನು ಕೊಟ್ಯಾ ಅವನಿಗೆ?”

ಲಿಯೋನಾ ಇಲ್ಲವೆಂದು ತಲೆಯಾಡಿಸಿದಳು.

“ನೀನೂ ಅಲ್ಲೇ ಇದ್ಯಲ್ಲೇ. ಎದ್ದೂ ಎದ್ದೂ ಕೂತ್ಯಲ್ಲ.”

“ನಾನು ಕೇಳಿಸ್ಕೊಳ್ಲಿಲ್ಲ, ನೇನಿ.” ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. “ನಂಗೆ ಗೊತ್ತು ಅನ್ಕೊಂಡಿದ್ದೆ.”

ಇದು ಲೆಕ್ಕ ಬಲ್ಲ ಮಂದಿಗೆ ಮಾತ್ರ ಅಂಟುವ ರೋಗ. ನನಗೂ ಇದೆ, ಹೋಮ್‌ವರ್ಕಿನ ಮೊದಲ ಸಾಲು ಓದಿ ಮಿಕ್ಕದ್ದಕ್ಕೆ ಸರಿ ಗುರುತು ಹಾಕುವುದುಂಟು. ಆದರೆ ನಾನು ಯಾರ ಎದುರಿಗೂ ಕೂತು ಪೂರ್ತಿ ನನ್ನದು ಎಂದು ಹೇಳಿದ್ದಿಲ್ಲ. ಲಿಯೋನಾಗೆ ಆ ಒಂದು ಪದವೇ ಕಿವಿಯಲ್ಲಿ ಬಡಿಯುತ್ತಿತ್ತು. ಅವನು ಕೇಳಿದ್ದ, ಪೂರ್ತಿ? ಎಂದು. ಕೇಳಿದವನು ಪಾಪ, ಒಂದು ಚೂರಾದರೂ ತನಗೆ ಉಳಿದೀತೇ ಎಂದು ಕೇಳಿದ್ದ. ಅವಳು ಪಶ್ಚಾತ್ತಾಪದ ಭರದಲ್ಲಿ ಅದನ್ನೂ ಬಾಚಿಕೊಂಡಿದ್ದಳು.

“ಹೋಗು” ಎಂದರು ನೇನಿ. “ಇನ್ನೂ ಎರಡು ದಿನ ಇದೆ. ಹೂಂ ಅಂದಿದ್ದನ್ನ ಉಹೂಂ ಅನ್ನೋಕೆ ಆಗುತ್ತೆ. ನಾನು ಹೇಳಿದ್ರೆ ಮುದುಕಿ ಸಮಾಧಾನ ಮಾಡ್ತಿದಾಳೆ ಅನ್ಕೋತಾನೆ. ಕಿತ್ಕೊಂಡೋಳು ನೀನು, ನೀನೇ ಕೊಟ್ಟು ಬಾ.”

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು. ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ವೆಂಡೆಲ್ ಒಬ್ಬನೇ ಕೂತು ಬೇಳೆಯ ಗೊಜ್ಜಿನ ಮೇಲೆ ಇಟ್ಟ ಮೊಟ್ಟೆಯನ್ನು ಚಮಚದಿಂದ ಒಡೆಯುತ್ತಿದ್ದ. ಎದುರಿನ ಕುರ್ಚಿ ಎಳೆದು ಕೂತಳು, ಉಸಿರು ಬಿಡದೆ ಹೇಳಿದಳು. ಬಾಗಿಲಾಚೆ ನಿಂತು ಬಂದವಳು ಎಣಿಸುವುದು, ನೇನಿಯ ಮೂವತ್ತು ವರ್ಷ, ಮೊಮ್ಮಗಳ ಬೊಂಬೆ, ಶಿಫಾರಸು. “ಅದು ನಂದಲ್ಲ ಕಣೋ, ನಂಗೆ ಗೊತ್ತೇ ಇರ್ಲಿಲ್ಲ, ನಾನು ಕೇಳಿಸ್ಕೊಂಡೇ ಇರ್ಲಿಲ್ಲ. ನಂದು ಗುಂಡಿ ಒಂದೇ. ಲೆಕ್ಕ ನಿಂದು. ನಿಜವಾಗ್ಲೂ ನಿಂದು.”

ಅವನು ಪೂರ್ತಿ ಕೇಳಿದ. ನಡುವೆ ಒಮ್ಮೆ, ಬಾಗಿಲಿನ ಮಾತು ಬಂದಾಗ, ಅವನ ಮುಖದಲ್ಲಿ ಹಿಂದಿನ ಸೋಮವಾರದ ಬೆಳಕು ಬಂದು ಹೋಯಿತು. ಲಿಯೋನಾ ಅದನ್ನು ಕಂಡಳು. ಅದನ್ನು ಹಿಡಿದು ನಿಲ್ಲಿಸಬೇಕು ಎಂಬಂತೆ ಮೇಜಿನ ಮೇಲಿದ್ದ ಅವನ ಕೈ ಹಿಡಿದಳು.

ವೆಂಡೆಲ್ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಚಮಚವನ್ನು ಕೆಳಗಿಟ್ಟ.

“ಗುರುವಾರ ನಂಗೆ ಕೊಟ್ಟೆ” ಎಂದ. “ಶನಿವಾರ ನಂದಲ್ಲ ಅಂದೆ. ಇವತ್ತು ಬಂದು ಮತ್ತೆ ನಂದು ಅಂತೀಯ. ಇವತ್ತು ನೀನು ಹೇಳ್ತಿರೋದು ನಿಜ ಇರ್ಬಹುದು ಲಿಯೋನಾ. ಆದ್ರೆ ಅದು ನಂದೋ ಅಲ್ವೋ ಅಂತ ಪ್ರತಿ ಸಲಾನೂ ನಿನ್ನ ಬಾಯಿಂದಲೇ ಕೇಳ್ಬೇಕಾಗಿದೆಯಲ್ಲ ನಾನು.”

“ನೇನಿ ಹೇಳ್ತಿದಾರೆ ಕಣೋ, ನಾನಲ್ಲ—”

“ನಂಗೆ ಅನ್ನಿಸ್ಬೇಕಿತ್ತಲ್ವಾ? ಅವತ್ತು ಅನ್ನಿಸಿತ್ತು. ಈಗ ಅನ್ನಿಸ್ತಿಲ್ಲ.”

ಅವನು ತಟ್ಟೆಯನ್ನು ಸ್ವಲ್ಪ ಅವಳ ಕಡೆ ತಳ್ಳಿ, ತಿನ್ನು, ತಣ್ಣಗಾಗುತ್ತೆ ಎಂದ. ಎರಡು ದಿನ ಕಳೆದು ತಿಂಗಳು ಮುಗಿಯಿತು. ಅವನು ಉಹೂಂ ಎಂದು ಬರೆಯಲಿಲ್ಲ.